ಬ್ರೆಡ್ ವ್ಯಾನಿನ ಬಾಯಿಗಳು

ಟ್ಯೂಬಿನ ಮೂತಿಯೊಳಗೆ ಒಣಗಿದ ಅಂಟಿಗೆ ಒಂದು ಸ್ಕ್ರೂ ತಿರುಗಿಸಿ, ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ಅವಸರ ಮಾಡಿದರೆ ಅರ್ಧಕ್ಕೆ ಹರಿಯುತ್ತದೆ. ತಾಳ್ಮೆಯಿಂದ ಎಳೆದರೆ ಮೂತಿಯ ಆಕಾರದಲ್ಲೇ, ಎಳೆ ಕ್ಯಾರೆಟ್ಟಿನ ಹಾಗೆ, ಇಡಿಯಾಗಿ ಕೈಗೆ ಬರುತ್ತದೆ. ನಾನು ಒಂದೊಂದನ್ನೇ ಎಳೆದು ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದೆ. ಎದುರಿಗೆ ಅಪ್ಪ ಕ್ಲಾಂಪುಗಳಿಗೆ ಎಣ್ಣೆ ಒರೆಸುತ್ತಿದ್ದ. ಇಬ್ಬರೂ ಮಾತಾಡಲಿಲ್ಲ.

ನಮ್ಮಿಬ್ಬರ ಬೆಳಗು ಯಾವಾಗಲೂ ಹೀಗೇ. ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ; ವರ್ಷಗಟ್ಟಲೆ ತಗಡು ಬಡಿದು ಬಡಿದು ಕಿವಿ ಹೋಯಿತು. ಈಗ ಕೈಯೂ ನಡುಗುತ್ತದೆ, ಸುತ್ತಿಗೆ ಹಿಡಿಯುವುದಿಲ್ಲ. ನನಗೆ ಕಿವಿ ಚೆನ್ನಾಗಿದೆ, ಮಾತೇ ಬರುವುದಿಲ್ಲ. ಹಾಗೆಂದರೆ ಮೂಗಿಯಲ್ಲ. ನಾಲ್ಕು ಜನ ನೋಡುತ್ತಿದ್ದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಶಾಲೆಯಲ್ಲಿ ಎದ್ದು ನಿಂತು ಓದು ಎಂದಾಗಲೆಲ್ಲ ಹಾಗಾಗುತ್ತಿತ್ತು. ಒಂದು ದಿನ ಶಾಲೆಗೆ ಹೋಗುವ ಬದಲು ಅಪ್ಪನ ಊಟದ ಡಬ್ಬಿ ಹಿಡಿದು ಈ ಶೆಡ್ಡಿಗೆ ಬಂದೆ. ಇಲ್ಲೇ ಉಳಿದೆ.

ಹಳೆಯ ಗಾಡಿಗಳ ಮೈ ರಿಪೇರಿ ಮಾಡುವ ಈ ಶೆಡ್ಡು ಚಿಕ್ಕಪ್ಪನದು. ತಗಡಿನ ಕೆಲಸ ಅಪ್ಪನದು, ಗಿರಾಕಿಗಳ ಕೆಲಸ ಚಿಕ್ಕಪ್ಪನದು ಎಂದು ಅಣ್ಣತಮ್ಮಂದಿರು ಹಿಂದೆಯೇ ಹಂಚಿಕೊಂಡಿದ್ದರು. ಚಿಕ್ಕಪ್ಪನ ಮಗ, ನನಗೆ ಅಣ್ಣನಾಗಬೇಕು, ಪೇಂಟರ್. ನನಗೆ ಸೈಲೆನ್ಸರ್ ಎಂದು ಹೆಸರಿಟ್ಟವನು ಅವನೇ. ಈಗ ಬೀದಿಯಲ್ಲಿ ಟೀ ಮಾರುವವನೂ ಹಾಗೇ ಕರೆಯುತ್ತಾನೆ.

ಎರಡು ತಗಡು ಸೇರುವ ಸಂದಿಗೆ ನಮ್ಮ ಶೆಡ್ಡಿನಲ್ಲಿ ಬಾಯಿ ಎನ್ನುತ್ತೇವೆ. ಅದಕ್ಕೆ ಸೀಲರ್ ಅಂಟು ತುಂಬುವುದು ಬಾಯಿ ಮುಚ್ಚುವುದು. ಬಾಗಿಲಿನ ಅಡಿಯಲ್ಲಿ, ಗಾಡಿಯ ನೆಲದ ಅಂಚಿನ ಕೆಳಗೆ, ಒಳಗೆ ಸೇರಿದ ನೀರು ಇಳಿದುಹೋಗಲೆಂದು ಗಾಡಿ ಮಾಡಿದವರೇ ಬಿಟ್ಟಿರುವ ಸಣ್ಣ ತೂತುಗಳು ಕಣ್ಣು. ಬಾಯಿ ಮುಚ್ಚಬೇಕು, ಕಣ್ಣು ಬಿಡಬೇಕು. ಅಪ್ಪ ನನಗೆ ಮೊದಲು ಹೇಳಿಕೊಟ್ಟದ್ದು ಇದನ್ನೇ. ಹೊರಗಿನವರಿಗೆ ಈ ಭಾಷೆ ತಿಳಿಯುವುದಿಲ್ಲ. ಒಮ್ಮೆ ಒಬ್ಬ ಗಿರಾಕಿ ಹೆಂಡತಿಯ ಜೊತೆ ನಿಂತು ತಕರಾರು ಮಾಡುತ್ತಿದ್ದಾಗ ಚಿಕ್ಕಪ್ಪ ಒಳಗಿದ್ದ ಅಣ್ಣನಿಗೆ, "ಮೊದ್ಲು ಎಡಗಡೆ ಬಾಯಿ ಮುಚ್ಚು," ಎಂದು ಕೂಗಿದ. ಗಿರಾಕಿಯ ಎಡಗಡೆ ಅವನ ಹೆಂಡತಿ ನಿಂತಿದ್ದಳು. ಅವರು ಮತ್ತೆ ಬರಲಿಲ್ಲ.

ಶೆಡ್ಡಿನ ನಡುವೆ ಬ್ರೆಡ್ ವ್ಯಾನು ನಿಂತಿತ್ತು. ಬಾಗಿಲು ಕಳಚಿ, ಸೀಟು ಕಿತ್ತು, ಹಳೆಯ ಬಣ್ಣ ಕೆರೆದು, ಬರೀ ಮೈಯಲ್ಲಿ. ಒಂದು ಕಾಲದಲ್ಲಿ ಅದು ಬೆಳಿಗ್ಗೆ ಬೀದಿಬೀದಿಗೆ ಬ್ರೆಡ್ ಹಾಕುತ್ತಿತ್ತಂತೆ. ಆಮೇಲೆ ಯಾವುದೋ ಗೋಡೆಯ ಪಕ್ಕ ವರ್ಷಾನುಗಟ್ಟಲೆ ಬಿದ್ದಿತ್ತು. ಅದರ ಒಡತಿಯನ್ನು ನಾವು ಬ್ರೆಡ್ಡಮ್ಮ ಎನ್ನುತ್ತಿದ್ದೆವು. ತೋಳಿನ ತುಂಬ ಓವನ್ನಿನ ಸುಟ್ಟ ಗೆರೆಗಳಿದ್ದ ದಪ್ಪನೆಯ ಹೆಂಗಸು. ಗಂಡ ಹೋದ ಮೇಲೆ ಓವನ್ನು ಆರಿಸಿದ್ದರು, ಈಗ ಮತ್ತೆ ಹಚ್ಚುವ ಮನಸ್ಸು ಮಾಡಿದ್ದರು.

ವ್ಯಾನು ತಂದ ದಿನ ಅವರು ಅದರ ಸುತ್ತ ಒಂದು ಸುತ್ತು ಬಂದು ಚಿಕ್ಕಪ್ಪನಿಗೆ ಹೇಳಿದರು: "ಚಂದ ಮಾಡಿಕೊಡಿ ಅಂತ ನಾನು ಕೇಳ್ತಿಲ್ಲ. ಒಳಗೆ ನೀರು ಬರಬಾರ್ದು. ಒಂದು ಹನಿ ಬಿದ್ರೆ ಇಡೀ ಟ್ರೇ ಬೂಷ್ಟು ಹಿಡಿಯುತ್ತೆ."

"ನೀರಾ? ಗಾಳಿ ಒಳಗೆ ಬರ್ಬೇಕಾದ್ರೂ ಇದು ಪರ್ಮಿಷನ್ ಕೇಳ್ಬೇಕು, ಹಾಗೆ ಮಾಡಿಕೊಡ್ತೀನಿ," ಎಂದ ಚಿಕ್ಕಪ್ಪ.

ಅವರು ಅವನ ಮಾತಿಗೆ ನಗಲಿಲ್ಲ. ವ್ಯಾನಿನ ಹಿಂಬದಿಯ ಮೂಲೆಯಲ್ಲಿ ಸ್ಕ್ರೂಡ್ರೈವರಿನಿಂದ ಹಳೆಯ ಸೀಲರ್ ಕೆರೆಯುತ್ತಿದ್ದ ನನ್ನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತರು. ನಾನು ಕೆರೆದಲ್ಲಿ ಬೆರಳು ಆಡಿಸಿದರು.

"ಇದನ್ನ ಮಾಡೋಳು ನೀನಾ ಮಗಳೇ?"

ನಾನು ತಲೆ ಆಡಿಸಿದೆ.

"ನೀರು ಬರಲ್ಲ ತಾನೆ?"

ಮತ್ತೆ ತಲೆ ಆಡಿಸಿದೆ. ಅವರು ನನ್ನ ಹೆಗಲ ಮೇಲೆ ಕೈಯೂರಿ ಎದ್ದುಕೊಂಡು ಹೋದರು.

ಯಾವ ಸೀಲರ್ ಬೇಕೆಂದು ಆರಿಸುವ ಕೆಲಸ ಯಾರೂ ನನಗೆ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡೆ. ಪೇಂಟ್ ಅಂಗಡಿಗೆ ಹೋಗಿ ಕಪಾಟಿನ ಮುಂದೆ ನಿಂತೆ. ಅಂಗಡಿಯವನಿಗೆ ನಾನು ಗೊತ್ತು. "ಬಂತು ನೋಡಪ್ಪ ಸೈಲೆನ್ಸರ್. ಇನ್ನು ಮಧ್ಯಾಹ್ನದ ತನಕ ಕಪಾಟಿಗೆ ಕಾವಲು," ಎಂದ. ಅನ್ನಲಿ. ನಾನು ಟ್ಯೂಬುಗಳ ಬೆನ್ನು ಓದುತ್ತಿದ್ದೆ. ಬ್ರಷ್ಷಿನಲ್ಲಿ ಬಳಿಯುವ ದಪ್ಪ ಸೀಲರ್ ಡಬ್ಬಿಯಲ್ಲಿತ್ತು. ಎರಡು ಭಾಗ ಕಲಸಿ ಹಾಕುವುದು ಇನ್ನೊಂದು. ಅದು ಬೇಗ ಗಟ್ಟಿಯಾಗುತ್ತದೆ, ಆದರೆ ಕಲ್ಲಿನ ಹಾಗೆ. ಹಳೆಯ ವ್ಯಾನು ಓಡುವಾಗ ಮೈ ಮುರಿಯುತ್ತದೆ, ಅದರ ಜೊತೆ ಅಂಟೂ ಬಾಗಬೇಕು. ಪಾಲಿಯುರೆಥೇನಿನ ಬೂದು ಟ್ಯೂಬು ಇನ್ನೊಂದು ಕಡೆ ಇತ್ತು. ಅದು ನಿಧಾನ. ಗಾಳಿಯ ತೇವ ಕುಡಿದು ತನ್ನ ಪಾಡಿಗೆ ಒಣಗುತ್ತದೆ. ಬರೀ ತಗಡಿನ ಮೇಲೆ ಹಾಕುವಂತಿಲ್ಲ, ಕೆಳಗೆ ಪ್ರೈಮರಿನ ಅಡಿಬಣ್ಣ ಬೇಕು. ಕೊನೆಯ ಸಾಲಿನಲ್ಲಿ ಬಿಳಿಯ ಸಿಲಿಕೋನ್, ಬಚ್ಚಲ ಟೈಲ್ಸಿನ ಸಂದಿಗೆ ಹಾಕುವುದು.

ಒಂದೊಂದರ ಮಾದರಿಯನ್ನೂ ಒಯ್ದು, ಶೆಡ್ಡಿನ ಹಿಂದೆ ಬಿದ್ದಿದ್ದ ಹಳೆಯ ಬಾನೆಟ್ಟಿನ ಮೇಲೆ ಪಟ್ಟೆಪಟ್ಟೆಯಾಗಿ ಎಳೆದೆ. ಒಣಗಿದ ಮೇಲೆ ಬಾನೆಟ್ಟನ್ನು ಕಾಲಲ್ಲಿ ಮೆಟ್ಟಿ ಬಗ್ಗಿಸಿದೆ. ಕಲಸಿದ್ದು ಅಂಚಿನಲ್ಲಿ ಬಿಟ್ಟುಕೊಂಡಿತು. ಬ್ರಷ್ಷಿನದು ಚೆನ್ನಾಗಿತ್ತು, ಆದರೆ ಆಳವಾದ ಸಂದಿಗೆ ಇಳಿಯುವುದಿಲ್ಲ. ಬೂದು ಟ್ಯೂಬಿನದು ತಗಡಿನ ಜೊತೆ ಬಗ್ಗಿ, ತಗಡಿನ ಜೊತೆ ಎದ್ದಿತು. ಸಿಲಿಕೋನೂ ಬಗ್ಗಿತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಮೇಲೆ ಬಳಿದ ಬಣ್ಣ ಉಗುರು ತಾಗಿಸಿದರೆ ಸಿಪ್ಪೆಯಾಗಿ ಎದ್ದುಬರುತ್ತಿತ್ತು, ಪಟ್ಟೆಯನ್ನು ಎಳೆದು ಕಿತ್ತರೆ ಕೆಳಗಿನ ತಗಡು ಕಂದು ಬಣ್ಣಕ್ಕೆ ತಿರುಗಿತ್ತು. ಹಸಿಯಿದ್ದಾಗ ಅದು ಬಿಡುವ ಹುಳಿ ವಾಸನೆಯೇ ತಗಡನ್ನು ತಿನ್ನುತ್ತದೆ.

ನಾನು ಬಾನೆಟ್ಟನ್ನು ಎಳೆದು ತಂದು ಅಪ್ಪನಿಗೆ ತೋರಿಸಿದೆ. ಅಪ್ಪ ಒಂದೊಂದು ಪಟ್ಟೆಯನ್ನೂ ಹೆಬ್ಬೆರಳಿನಿಂದ ಒತ್ತಿ, ಬೂದು ಪಟ್ಟೆಯ ಮೇಲೆ ಬೆರಳು ನಿಲ್ಲಿಸಿದ. ಚಿಕ್ಕಪ್ಪನಿಗೂ ತೋರಿಸಿದೆ. ಅವನು ಫೋನು ಕಿವಿಗಿಟ್ಟುಕೊಂಡೇ ನೋಡಿ, "ಎಲ್ಲಾ ಅಂಟೂ ಅಂಟೇ," ಎಂದ. ಬೇಡ ಎನ್ನಲಿಲ್ಲವಲ್ಲ ಎಂದು ನಾನು ಬೂದು ಟ್ಯೂಬುಗಳನ್ನು ತಂದು ಬೆಂಚಿನ ಮೇಲೆ ಜೋಡಿಸಿದೆ. ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ಆಮೇಲೆ ಬಾಯಿ ಮುಚ್ಚುವುದು ಎಂದು ಲೆಕ್ಕ ಹಾಕಿಕೊಂಡಿದ್ದೆ. ನಾನು ಮೂತಿಗಳನ್ನು ಸ್ವಚ್ಛ ಮಾಡುತ್ತಿದ್ದದ್ದು ಅದಕ್ಕೇ.

ಆ ಬೆಳಿಗ್ಗೆ ಕೊನೆಯ ಮೂತಿ ಕೈಯಲ್ಲಿರುವಾಗ ಚಿಕ್ಕಪ್ಪ ಬಂದ. "ಹೋಗಿ ಬಾಗಿಲಿನ ರಬ್ಬರ್ ತಗೊಂಡ್ಬಾ. ಹಳೇ ಮಾಡೆಲ್ಲು, ಇಲ್ಲಿ ಸಿಗಲ್ಲ. ಆ ಗುಜರಿ ಬೀದೀಲಿ ಹುಡುಕು," ಎಂದ. ನಾನು ಹೋದೆ. ಗುಜರಿ ಬೀದಿಯಲ್ಲಿ ಮೂರು ಅಂಗಡಿಯವರು ನನ್ನನ್ನು ಕಂಡೂ ಕಾಣದವರ ಹಾಗೆ ಬೇರೆಯವರಿಗೆ ಸಾಮಾನು ಕೊಟ್ಟರು, ನಾಲ್ಕನೆಯವನು ಕೊಟ್ಟ. ರಬ್ಬರನ್ನು ಹಾರದ ಹಾಗೆ ಕತ್ತಿಗೆ ಹಾಕಿಕೊಂಡು ಬಸ್ಸಿನಲ್ಲಿ ವಾಪಸು ಬಂದೆ.

ಶೆಡ್ಡಿನ ಬಾಗಿಲಿಗೆ ಬರುವ ಮೊದಲೇ ಮೂಗಿಗೆ ಹುಳಿ ವಾಸನೆ ಹೊಡೆಯಿತು.

ವ್ಯಾನಿನ ಬಾಯಿಗಳೆಲ್ಲ ಮುಚ್ಚಿದ್ದವು. ಛಾವಣಿಯ ಅಂಚು, ಹಿಂಬಾಗಿಲ ಚೌಕಟ್ಟು, ನೆಲದ ಸಂದು, ಎಲ್ಲ ಕಡೆ ಬಿಳಿಯ ಗೆರೆ. ಅಣ್ಣನ ಕೈ ಒಳ್ಳೆಯದು, ಅದನ್ನು ಯಾರೂ ಇಲ್ಲ ಎನ್ನುವಂತಿಲ್ಲ. ಒದ್ದೆ ಬೆರಳಿನಿಂದ ಸವರಿ, ಕೇಕಿನ ಮೇಲಿನ ಕೆನೆಯ ಹಾಗೆ ನಯ ಮಾಡಿದ್ದ. ನಾನು ಬಗ್ಗಿ ನೆಲದ ಅಂಚಿನ ಕೆಳಗೆ ಬೆರಳು ಆಡಿಸಿದೆ. ಕಣ್ಣು ಸಿಗಲಿಲ್ಲ. ಮುಂದಕ್ಕೆ ಸರಿದು ಇನ್ನೊಂದನ್ನು ಹುಡುಕಿದೆ. ಅದೂ ಇಲ್ಲ. ಕಣ್ಣುಗಳನ್ನೂ ಮುಚ್ಚಿದ್ದರು.

"ಏನಮ್ಮ ಸೈಲೆನ್ಸರ್, ಹೇಗಿದೆ?" ಅಣ್ಣ ಸ್ಪ್ರೇ ಗನ್ನಿನ ಬಟ್ಟಲು ತೊಳೆಯುತ್ತ ಕೇಳಿದ. "ನೀನು ಒಂದು ವಾರ ಮಾಡೋದನ್ನ ಒಂದು ಊಟದ ಹೊತ್ತಲ್ಲಿ ಮುಗಿಸಿದೀನಿ."

ನಾನು ಒಂದು ಕಣ್ಣಿದ್ದ ಜಾಗಕ್ಕೆ ಬೆರಳು ತೋರಿಸಿದೆ.

"ನಮ್ಮಪ್ಪಾನೇ ಹೇಳಿದ್ದು, ಎಲ್ಲಾ ಮುಚ್ಚಿಬಿಡು ಅಂತ. ಎಲ್ಲಾ ಅಂದ್ರೆ ಎಲ್ಲಾ."

"ಬಾಯಿ ಎಲ್ಲಾ ಅಂದಿದ್ದು ಕಣೋ," ಎಂದ ಚಿಕ್ಕಪ್ಪ ಒಳಗಿನಿಂದ. "ಹೋಗ್ಲಿ ಬಿಡು. ಡ್ರಿಲ್ಲಲ್ಲಿ ಒಂದೊಂದು ಚುಚ್ಚಿದ್ರಾಯ್ತು. ಗನ್ ರೆಡಿ ಮಾಡ್ಕೋ. ಸಂಜೆ ಒಳಗೆ ಪ್ರೈಮರ್, ನಾಳೆ ಬಣ್ಣ. ಶುಕ್ರವಾರ ಬ್ರೆಡ್ಡಮ್ಮ ಗಾಡಿ ತಗೊಂಡು ಹೋಗ್ಲಿ."

ಅಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಅವನ ತೊಡೆಯ ಮೇಲೆ ಕೈದೀಪ ಇತ್ತು, ವೈರು ಇನ್ನೂ ಸುತ್ತಿರಲಿಲ್ಲ. ಅವರು ಕೆಲಸ ಮಾಡುವಾಗ ದೀಪ ಹಿಡಿದವನು ಅವನೇ. ನಾನು ಬಾನೆಟ್ಟಿನ ಕಡೆ ಕೈ ತೋರಿಸಿ, ಯಾಕೆ ಎಂದು ಕೈ ತಿರುಗಿಸಿದೆ. ಅಪ್ಪ ತಮ್ಮನ ಕಡೆ ನೋಡಿದ, ಶೆಡ್ಡಿನ ಛಾವಣಿ ನೋಡಿದ, ಆಮೇಲೆ ವೈರು ಸುತ್ತತೊಡಗಿದ. ಶೆಡ್ಡು ತಮ್ಮನದು. ಸುತ್ತಿಗೆ ಹಿಡಿಯಲಾಗದ ಕೈಗೆ ಅಲ್ಲಿ ಒಂದು ಸ್ಟೂಲು ಸಿಕ್ಕಿದೆ. ನನಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾಯಿತೆಂದು ಸಿಟ್ಟು ಇಳಿಯಲೂ ಇಲ್ಲ.

ಕತ್ತಿನಿಂದ ರಬ್ಬರ್ ತೆಗೆದು ಮೊಳೆಗೆ ಹಾಕಿದೆ. ಬೆಂಚಿನಿಂದ ಬ್ಲೇಡು ತೆಗೆದುಕೊಂಡು ಹಿಂಬಾಗಿಲ ಚೌಕಟ್ಟಿಗೆ ಹೋಗಿ, ಬಿಳಿಯ ಗೆರೆಯ ಅಡಿಗೆ ತೂರಿಸಿ ಎಳೆದೆ. ಮೇಲೆ ಚರ್ಮ ಕಟ್ಟಿತ್ತು, ಒಳಗೆ ಇನ್ನೂ ಹಸಿ. ಉದ್ದಕ್ಕೆ ನೂಲಾಗಿ ಬಂದು ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು.

"ಏಯ್, ಏಯ್," ಎಂದ ಅಣ್ಣ.

ಚಿಕ್ಕಪ್ಪ ಹೊರಗೆ ಬಂದ. "ಏನು ಮಾಡ್ತಿದೀಯ?"

ನಾನು ಎಳೆಯುತ್ತಲೇ ಇದ್ದೆ.

"ನಿನ್ನನ್ನೇ ಕೇಳ್ತಿರೋದು. ಬ್ಲೇಡ್ ಕೆಳಗಿಡು."

ಕೆಳಗಿಡಲಿಲ್ಲ. ಗೆರೆ ಎದ್ದ ಕಡೆ ತುಕ್ಕು ಹಾಗೇ ಇತ್ತು. ಉಜ್ಜಿರಲಿಲ್ಲ, ಒರೆಸಿರಲೂ ಇಲ್ಲ. ನಾಲಿಗೆ ಎಂದಿನಂತೆ ಅಂಗುಳಕ್ಕೆ ಅಂಟಿತ್ತು. ಅದನ್ನು ಕಿತ್ತೆ.

"ತುಕ್ಕಿನ ಮೇಲೇ ಹಾಕಿದೀರ," ಎಂದೆ.

ಶೆಡ್ಡಿನಲ್ಲಿ ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು. ಅಣ್ಣ ಬಟ್ಟಲು ತೊಳೆಯುವುದನ್ನು ನಿಲ್ಲಿಸಿ, "ಸೈಲೆನ್ಸರ್ ಒಡೀತು," ಎಂದ. ಚಿಕ್ಕಪ್ಪನಿಗೂ ನಗು ಬಂತು, ತಡೆದುಕೊಂಡ.

"ನೋಡು, ಮೇಲೆ ಬಣ್ಣ ಬಿದ್ಮೇಲೆ ಕೆಳಗೇನಿದೆ ಅಂತ ಯಾರಿಗೆ ಕಾಣುತ್ತೆ? ಎರಡು ಮಳೆಗಾಲ ಏನೂ ಆಗಲ್ಲ."

"ಮೂರನೇದು?"

"ಮೂರನೇದಕ್ಕೆ ಮತ್ತೆ ನಮ್ಮ ಹತ್ರಾನೇ ಬರ್ತಾರೆ. ಅದಕ್ಕೇ ವ್ಯಾಪಾರ ಅನ್ನೋದು."

"ಇದರ ಮೇಲೆ ಬಣ್ಣಾನೂ ನಿಲ್ಲಲ್ಲ. ಅಣ್ಣನಿಗೆ ಗೊತ್ತು. ಕೇಳು ಅವನನ್ನ."

ಅಣ್ಣ ಬಟ್ಟಲಿನೊಳಗೆ ನೋಡಿದ. "ಸ್ವಲ್ಪ... ಗುಳಿ ಬೀಳುತ್ತೆ ಕೆಲವು ಕಡೆ," ಎಂದ.

"ನೀನು ಸುಮ್ನಿರೋ." ಚಿಕ್ಕಪ್ಪ ನನ್ನ ಕಡೆ ತಿರುಗಿದ. "ನಿನಗ್ಯಾಕೆ ಇಷ್ಟು ಉರಿ? ಗಾಡಿ ನಿಂದಾ? ಮಾತು ಕೊಟ್ಟಿರೋನು ನಾನು. ಶುಕ್ರವಾರ ಅಂದಿದೀನಿ, ಶುಕ್ರವಾರ ಕೊಡ್ತೀನಿ."

"ನಾನೂ ಕೊಟ್ಟಿದೀನಿ."

"ಯಾವಾಗ? ನೀನು ಬಾಯಿ ಬಿಟ್ಟಿದ್ದನ್ನ ನೋಡಿದೋರು ಯಾರಾದ್ರೂ ಇದಾರಾ?"

"ನೀರು ಬರಲ್ಲ ತಾನೆ ಅಂತ ಕೇಳಿದ್ರು. ತಲೆ ಆಡಿಸಿದೆ."

"ತಲೆ ಆಡಿಸಿದ್ದು ಒಂದು ಮಾತಾ? ಬಸ್ಸಲ್ಲಿ ನಿದ್ದೆ ಮಾಡೋರೂ ಆಡಿಸ್ತಾರೆ."

ಅವನು ಅಣ್ಣನ ಕಡೆ ನೋಡಿ ಹೇಳಿದ, ಅಣ್ಣ ನಕ್ಕ. ಬೇರೆಯವರು ದಿನಕ್ಕೆ ಸಾವಿರ ಮಾತಾಡುತ್ತಾರೆ, ಅದರಲ್ಲಿ ಹತ್ತು ಸುಳ್ಳಾದರೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಇರುವುದೇ ಈ ತಲೆ ಆಡಿಸುವುದು. ಅದೂ ಸುಳ್ಳಾದರೆ ಉಳಿಯುವುದೇನು?

"ಅವರಿಗೆ ಹೇಳ್ತೀನಿ," ಎಂದೆ.

"ಯಾರಿಗೆ? ಏನು?"

"ಬ್ರೆಡ್ಡಮ್ಮನಿಗೆ. ಶುಕ್ರವಾರ ಆಗಲ್ಲ ಅಂತ."

"ಹೇಳು," ಎಂದು ಚಿಕ್ಕಪ್ಪ ಜೇಬಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದ. ನಾನು ಮುಟ್ಟಲಾರೆ ಎಂದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಫೋನು ಹೊಡೆದುಕೊಂಡರೆ ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಳ್ಳುವವಳು. "ತಗೋ. ನೀನು ಹಲೋ ಅನ್ನೋದ್ರೊಳಗೆ ನಾನು ಟೀ ಕುಡಿದು ಬರ್ತೀನಿ."

ತೆಗೆದುಕೊಂಡೆ. ಕೈಗೆಲ್ಲ ಸಿಲಿಕೋನ್ ಮೆತ್ತಿ ಫೋನೂ ಅಂಟಂಟಾಯಿತು. ಅವರ ನಂಬರು ಹುಡುಕಿ ಒತ್ತಿದೆ, ಮೂರು ಸಲ ಹೊಡೆದುಕೊಂಡಿತು.

"ಯಾರು?" ಎಂದರು ಬ್ರೆಡ್ಡಮ್ಮ. ಹಿಂದೆ ಟ್ರೇಗಳ ಸದ್ದು.

"ನಾನು." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. "ವ್ಯಾನು... ಶೆಡ್ಡಿಂದ. ಶುಕ್ರವಾರ ಆಗಲ್ಲ ಅಮ್ಮಾ. ಬಾಯಿ ತಪ್ಪಾಗಿ ಮುಚ್ಚಿದೀವಿ."

"ಯಾರ ಬಾಯಿ?"

ಅಣ್ಣ ಮುಖಕ್ಕೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದ. ನಾನು ಗೋಡೆಯ ಕಡೆ ತಿರುಗಿ ನಿಂತೆ.

"ವ್ಯಾನಿಂದು. ತಗಡಿನ ಸಂದು. ಬಚ್ಚಲಿಗೆ ಹಾಕೋ ಅಂಟು ಹಾಕಿಬಿಟ್ಟಿದೀವಿ, ಕಣ್ಣೂ ಮುಚ್ಚಿದೀವಿ... ನೀರು ಹೋಗೋ ತೂತು. ಒಳಗೆ ನೀರು ನಿಲ್ಲುತ್ತೆ. ಎಲ್ಲಾ ಕಿತ್ತು ಮತ್ತೆ ಮಾಡ್ಬೇಕು."

ಆ ಕಡೆ ಟ್ರೇಗಳ ಸದ್ದು ನಿಂತಿತು. "ನಾನು ನಾಲ್ಕು ಅಂಗಡಿಗೆ ಸೋಮವಾರದಿಂದ ಬ್ರೆಡ್ ಹಾಕ್ತೀನಿ ಅಂದಿದೀನಿ ಮಗಳೇ."

ತಲೆ ಆಡಿಸಿದೆ, ಫೋನಿನಲ್ಲಿ ಅದು ಕಾಣುವುದಿಲ್ಲವೆಂದು ಆಮೇಲೆ ಹೊಳೆಯಿತು.

"ಅವತ್ತು ಕೆರೀತಿದ್ದೋಳು ತಾನೆ ನೀನು?"

"ಹೂಂ."

"ಯಾವಾಗ ಆಗುತ್ತೆ?"

"ಮುಂದಿನ ಬುಧವಾರ."

"ಬುಧವಾರ ನಾನೇ ಬಂದು ಪೈಪಲ್ಲಿ ನೀರು ಬಿಟ್ಟು ನೋಡ್ತೀನಿ. ಒಂದು ಹನಿ ಕಂಡ್ರೂ ಗಾಡಿ ಮುಟ್ಟಲ್ಲ, ನಿಮ್ಮಲ್ಲೇ ಇಟ್ಕೊಳ್ಳಿ," ಎಂದು ಫೋನು ಇಟ್ಟುಬಿಟ್ಟರು.

ಫೋನನ್ನು ಬಟ್ಟೆಯಲ್ಲಿ ಒರೆಸಿ ಚಿಕ್ಕಪ್ಪನಿಗೆ ಕೊಟ್ಟೆ. ಅವನ ಮುಖದಲ್ಲಿ ಈಗ ನಗುವಿರಲಿಲ್ಲ. ಫೋನನ್ನು ತಾನೂ ಒಮ್ಮೆ ಒರೆಸಿಕೊಂಡ. "ಗಿರಾಕಿ ಮುಂದೆ ನನ್ನ ಮಾನ ತೆಗೆದೆ," ಎಂದ. ದನಿ ಏರಿಸದೆ ಹೇಳಿದ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಆಯ್ತು. ನೀನೇ ದೊಡ್ಡ ಮೇಸ್ತ್ರಿಯಲ್ವಾ, ನೀನೇ ಮಾಡು. ಒಬ್ಳೇ. ಇಲ್ಲಿ ಯಾರೂ ನಿನ್ನ ಜೊತೆ ಕೈ ಜೋಡಿಸೋ ಹಾಗಿಲ್ಲ." ಕೊನೆಯ ಮಾತನ್ನು ಅಣ್ಣನ ಕಡೆ ನೋಡಿ ಹೇಳಿ, ಆಮೇಲೆ ಅಪ್ಪನ ಕಡೆಯೂ ಕೈ ಅಡ್ಡಡ್ಡ ಬೀಸಿದ. ಅಪ್ಪನಿಗೆ ಅದಕ್ಕೆ ಕಿವಿ ಬೇಕಿರಲಿಲ್ಲ. "ಬುಧವಾರ ಒಂದು ಹನಿ ಬಿದ್ರೂ ಮತ್ತೆ ಈ ಶೆಡ್ಡಿಗೆ ಕಾಲಿಡ್ಬೇಡ. ತಲೆ ಆಡಿಸು, ನೋಡೋಣ."

"ಆಗ್ಲಿ," ಎಂದೆ. ತಲೆ ಆಡಿಸಲಿಲ್ಲ.

ಮೇಲಿನ ಗೆರೆಗಳು ಸುಲಭವಾಗಿ ಬಂದವು. ಛಾವಣಿಯ ಅಂಚು, ಚೌಕಟ್ಟು, ಬಾಗಿಲ ಮೂಲೆ. ಕಿತ್ತದ್ದನ್ನೆಲ್ಲ ಚಿಕ್ಕಪ್ಪ ಕೂತಿದ್ದ ಕುರ್ಚಿಯ ಮುಂದಿನ ಡಬ್ಬಕ್ಕೆ ಹಾಕಿದೆ. ಬೇಕೆಂದೇ ಅಲ್ಲಿಗೆ ಹಾಕಿದೆ. ಪ್ರತಿ ಸಲವೂ ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತಿತ್ತು. ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಬೆರಳು ಜಾರುತ್ತದೆಯೇ ಎಂದು ನೋಡಿ, ಮತ್ತೆ ಒರೆಸಿದೆ. ಸಿಲಿಕೋನಿನ ಜಿಡ್ಡು ಒಂದು ಚೂರು ಉಳಿದರೂ ಸೀಲರ್ ಕೂರುವುದಿಲ್ಲ, ಬಣ್ಣವೂ ಕೂರುವುದಿಲ್ಲ. ಅಣ್ಣ ಕೆಲಸವಿಲ್ಲದೆ ಅತ್ತಿತ್ತ ಓಡಾಡಿದ. ಒಮ್ಮೆ ಹತ್ತಿರ ಬಂದು, "ಆ ಮೂಲೇಲಿ ಇನ್ನೂ ಇದೆ," ಎಂದು ಪಿಸುಗುಟ್ಟಿ, ತನ್ನ ಅಪ್ಪನ ಕಣ್ಣಿಗೆ ಬಿದ್ದೆನೇ ಎಂದು ನೋಡಿಕೊಂಡು ದೂರ ಹೋದ.

ಕೊನೆಗೆ ಉಳಿದದ್ದು ನೆಲದ ಅಡಿ. ಕಣ್ಣುಗಳಿದ್ದದ್ದು ಅಲ್ಲಿ. ರಟ್ಟು ಹಾಸಿ, ಬೆನ್ನಿನ ಮೇಲೆ ಮಲಗಿ, ವ್ಯಾನಿನ ಕೆಳಗೆ ಜಾರಿದೆ. ಕೈದೀಪ ಎದೆಯ ಮೇಲಿಟ್ಟುಕೊಂಡರೆ ಬೆಳಕು ಗದ್ದಕ್ಕೆ ಬೀಳುತ್ತಿತ್ತು. ಭುಜಕ್ಕೆ ಒತ್ತಿ ಹಿಡಿದರೆ ಕೈ ಎತ್ತಿದಾಗಲೆಲ್ಲ ಉರುಳಿ ಹೋಗುತ್ತಿತ್ತು. ಹಲ್ಲಿನಲ್ಲಿ ಕಚ್ಚಿ ನೋಡಿದೆ, ತುಕ್ಕಿನ ಪುಡಿ ಬಾಯಿಗೆ ಬಿತ್ತು, ಉಗುಳಿದೆ. ಕಣ್ಣು ಬಿಡಿಸುವುದು ಕುರುಡಾಗಿ ಮಾಡುವ ಕೆಲಸವಲ್ಲ. ಡ್ರಿಲ್ಲಿನಲ್ಲಿ ಚುಚ್ಚಿದರೆ ತೂತು ಹರಿದು ದೊಡ್ಡದಾಗುತ್ತದೆ. ಸೂಜಿಮೊನೆಯಲ್ಲಿ ಅಂಚಿನ ಸುತ್ತ ಬಿಡಿಸಿ, ಮುಚ್ಚಳದ ಹಾಗೆ ಎತ್ತಬೇಕು. ಒಂದನ್ನು ಬೆರಳಿನ ಅಂದಾಜಿನಲ್ಲೇ ಬಿಡಿಸಿದೆ. ಮೊದಲು ನುಣ್ಣಗೆ, ಆಮೇಲೆ ತಗಡಿನ ಚೂಪು ಅಂಚು ಬೆರಳಿಗೆ ಸಿಕ್ಕಿತು, ಒಳಗಿನಿಂದ ತಣ್ಣನೆಯ ಗಾಳಿ ಬಂತು. ಎರಡನೆಯದು ಕೈ ಜಾರಿತು, ಸೂಜಿ ಹೆಬ್ಬೆರಳಿಗೆ ಇಳಿಯಿತು.

ಕೆಳಗಿನಿಂದ ಕಾಲುಗಳಷ್ಟೇ ಕಾಣುತ್ತಿದ್ದವು. ಕುರ್ಚಿಯ ಮುಂದೆ ಚಿಕ್ಕಪ್ಪನ ಬೂಟು. ಬೆಂಚಿನ ಹತ್ತಿರ ಅಣ್ಣನ ಬರಿಗಾಲು, ಉಗುರುಗಳಿಗೆ ಹಳೆಯ ಬಣ್ಣ. ಆಚೆ ಸ್ಟೂಲಿನ ಕಾಲುಗಳ ನಡುವೆ ಅಪ್ಪನ ಚಪ್ಪಲಿ. ಅಪ್ಪನ ಜೊತೆ ನಾನು ಯಾವಾಗಲೂ ಕೈಯಲ್ಲೇ ಮಾತಾಡುವವಳು. ಇಲ್ಲಿಂದ ಅವನಿಗೆ ನನ್ನ ಕೈ ಕಾಣುವುದಿಲ್ಲ. ಉಳಿದಿಬ್ಬರಿಗೆ ಕಿವಿ ಇದೆ.

ದೀಪ ಮತ್ತೆ ಉರುಳಿ ಚಕ್ರದ ಹತ್ತಿರ ಹೋಗಿ ನಿಂತಿತು. ಬೆಳಕು ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡು ಆ ಮೂರು ಜೊತೆ ಕಾಲುಗಳಿಗೂ ತಾಗಿತು. ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು, ಶೆಡ್ಡಿನ ಆ ತುದಿಗೂ ಕೇಳಿಸುವಂತೆ ಹೇಳಿದೆ:

"ಯಾರಾದ್ರೂ ಸ್ವಲ್ಪ ದೀಪ ಹಿಡೀರಿ."

ಒಂದು ಕಾಲೂ ಅಲುಗಲಿಲ್ಲ.